ವೀರಚಿತ್ರಕಥೆಗಳ ಪುನರ್ಮುದ್ರಣವೂ ಕನ್ನಡದ ಪಾಠವೂ

೧

ಹಳೆಯ ಗ್ರಂಥವೊಂದು ಮರಳಿ ಅಚ್ಚಾಗಿ ಬಂದಾಗ ಬಲ್ಲವರು ಮೊದಲು ಕೇಳುವ ಪ್ರಶ್ನೆಯು ಒಂದೇ: ಇದು ಯಾವ ಪ್ರತಿಯಿಂದ ಬಂದಿತು? ಓಲೆಗರಿಯ ಕಾವ್ಯಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳದೆ ಮುಂದುವರಿಯುವ ಪಂಡಿತರು ನಮ್ಮಲ್ಲಿ ಈಗ ಇಲ್ಲ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯು ೧೯೬೪ರಲ್ಲಿ ಪ್ರಕಟವಾದ ಮೇಲಂತೂ ಪ್ರತಿ, ಪಾಠಾಂತರ, ಪ್ರಕ್ಷೇಪ, ಪರಿಷ್ಕರಣ ಎಂಬ ಮಾತುಗಳು ಕಾಲೇಜಿನ ತರಗತಿಗಳಲ್ಲಿಯೂ ಬಳಕೆಗೆ ಬಂದಿರುವವು.

ಅದೇ ೧೯೬೪ನೆಯ ಇಸವಿಯ ಮಾರ್ಚ ತಿಂಗಳಲ್ಲಿ ಮುಂಬಯಿಯ ಬೆನೆಟ್ ಕೋಲ್ಮನ್ ಕಂಪನಿಯವರು ‘ಇಂದ್ರಜಾಲ ಕಾಮಿಕ್ಸ್’ ಎಂಬ ಚಿತ್ರಕಥಾಮಾಲೆಯನ್ನು ಆರಂಭಿಸಿದರು. ಲೀ ಫಾಕ್ ಎಂಬ ಅಮೆರಿಕದ ಲೇಖಕನು ೧೯೩೬ರಲ್ಲಿ ನಿರ್ಮಿಸಿದ ಫ್ಯಾಂಟಮನು ಅದರ ಮೊದಲ ನಾಯಕನು. ೧೯೯೦ರಲ್ಲಿ ನಿಲ್ಲುವವರೆಗೆ ಈ ಮಾಲೆಯ ಎಂಟುನೂರಕ್ಕೂ ಮಿಕ್ಕಿದ ಸಂಚಿಕೆಗಳು ಹೊರಬಿದ್ದವು. ಇಂಗ್ಲಿಷ್, ಹಿಂದಿ, ಮರಾಠಿ, ಬಂಗಾಲಿ, ತಮಿಳು ಮೊದಲಾದ ಭಾಷೆಗಳಲ್ಲಿಯೂ ಕೆಲಕಾಲ ಕನ್ನಡದಲ್ಲಿಯೂ ಅವು ಓದುಗರ ಕೈ ಸೇರಿದವು. ಹೀಗೆ ಆಚಾರ್ಯರ ಗ್ರಂಥವೂ ಈ ಮಾಲೆಯೂ ಒಂದೇ ವರ್ಷದ ಕೂಸುಗಳು. ಆದರೆ ಒಂದರ ಮುಖವನ್ನು ಇನ್ನೊಂದು ಕಂಡಿಲ್ಲ. ಮಕ್ಕಳು ಓದಿ ಹರಿದುಹಾಕುವ ಹಾಳೆಗಳಿಗೆ ಪಾಠವಿಚಾರವೇತಕ್ಕೆಂದು ನಾವೆಲ್ಲರೂ ಸುಮ್ಮನಿದ್ದೆವು.

ಕಾಲವು ಈ ಉದಾಸೀನವನ್ನು ಸುಳ್ಳುಮಾಡಿರುತ್ತದೆ. ಪೈಸೆಗಳಿಗೆ ಮಾರಾಟವಾಗುತ್ತಿದ್ದ ಆ ಸಂಚಿಕೆಗಳು ಈಗ ಸಂಗ್ರಾಹಕರ ಸೊತ್ತಾಗಿವೆ. ಅವುಗಳ ಕಥೆಗಳು ಗಟ್ಟಿ ರಟ್ಟಿನ, ನುಣುಪು ಕಾಗದದ ಸಂಪುಟಗಳಾಗಿ ದೊಡ್ಡ ಬೆಲೆಗೆ ಮರಳಿ ಬರುತ್ತಿರುವವು. ಇಂಥ ಸಂಪುಟಗಳನ್ನು ಹೊಗಳಿ ಬರೆದ ಲೇಖನಗಳಲ್ಲಿ ಕಾಗದದ ಗುಣ, ಬಣ್ಣದ ಹೊಳಪು, ಬಾಲ್ಯದ ನೆನಪು ಇವುಗಳ ಮಾತು ಯಥೇಚ್ಛವಾಗಿರುತ್ತದೆ. ಯಾವ ಪ್ರತಿಯಿಂದ ಬಂದಿತು, ಯಾವ ಭಾಷೆಯ ಪಾಠವು ಉಳಿಯಿತು ಎಂಬ ವಿಚಾರವು ಬಹಳ ವಿರಳ. ಪ್ರಕೃತ ಲೇಖನದಲ್ಲಿ ನಾವು ಪ್ರತಿಪಾದಿಸಬೇಕೆಂದಿರುವದು ಇಷ್ಟೇ: ಸಂಗ್ರಾಹ್ಯವೆಂದು ಹೊರಡುವ ಪುನರ್ಮುದ್ರಣಗಳು ವೀರನನ್ನು ಉಳಿಸಿಕೊಂಡು ಅವನು ಆಡಿದ ಭಾಷೆಯನ್ನು ಕೈಬಿಡುತ್ತಿರುವವು, ಕನ್ನಡದ ಪಾಠವೇ ಮೊದಲನೆಯದಾಗಿದ್ದ ಕಡೆಯಲ್ಲಿ ಸಹ ಹಾಗೆಯೇ ಆಗಿದೆ.

ಈ ಮಾತನ್ನು ಒರೆಹಚ್ಚಿ ನೋಡಲು ಬೆಳಗಾವಿ ಜಿಲ್ಲೆಯ ಉತ್ತರದ ಐದು ತಾಲೂಕುಗಳು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ತಕ್ಕ ಸ್ಥಳವೆಂದು ನಮಗೆ ತೋರುತ್ತದೆ. ಅಲ್ಲಿ ಕನ್ನಡ ಮರಾಠಿಗಳೆರಡೂ ಮನೆಮಾತುಗಳು. ಒಂದೇ ಬೀದಿಯ ಫಲಕಗಳಲ್ಲಿ ಎರಡು ಲಿಪಿಗಳನ್ನು ಕಾಣಬಹುದು. ಒಂದೇ ವೀರನು ಎರಡು ಭಾಷೆಗಳಲ್ಲಿ ಏನಾಗುವನೆಂಬದನ್ನು ಅಂಥಲ್ಲಿಯ ಓದುಗನಂತೆ ಬೇರೆಯವರು ತಿಳಿಯಲಾರರು.

ಪರಿಭಾಷೆಯ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಸೂಪರ್‌ಹೀರೋ ಎನ್ನಿಸಿಕೊಳ್ಳುವವನಿಗೆ ‘ಮಹಾವೀರ’ನೆಂಬುದು ಒಳ್ಳೆಯ ಅನುವಾದವೆಂದು ತೋರಬಹುದು. ಆದರೆ ಜೈನರು ಹೆಚ್ಚಾಗಿ ನೆಲೆಸಿರುವ ಈ ಪ್ರದೇಶದಲ್ಲಿ ಆ ಹೆಸರು ಇಪ್ಪತ್ತನಾಲ್ಕನೆಯ ತೀರ್ಥಂಕರನಿಗೆ ಮೀಸಲು. ಆದಕಾರಣ ನಾವು ‘ಅತಿಮಾನುಷ ವೀರ’ನೆಂದೂ, ಅವನ ಕಥೆಗೆ ‘ವೀರಚಿತ್ರಕಥೆ’ಯೆಂದೂ ಹೇಳುವೆವು.

೨

ಮೊದಲು ಈ ವೀರರ ತವರಾದ ಅಮೆರಿಕದ ಪದ್ಧತಿಯನ್ನು ನೋಡುವ. ಸೂಪರ್‌ಮ್ಯಾನನು ಮೊದಲು ಕಾಣಿಸಿಕೊಂಡ ‘ಆಕ್ಷನ್ ಕಾಮಿಕ್ಸ್’ ಪತ್ರಿಕೆಯ ಮೊದಲನೆಯ ಸಂಚಿಕೆಯು ೧೯೩೮ರದು. ಅದರ ಬೆಲೆಯು ಹತ್ತು ಸೆಂಟುಗಳು. ೨೦೨೪ರಲ್ಲಿ ಅದರ ಒಂದು ಪ್ರತಿಯು ೬೦ ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಮೂಲವು ಇಷ್ಟು ದುರ್ಲಭವಾದಲ್ಲಿ ಪುನರ್ಮುದ್ರಣಕ್ಕೆ ಗಿರಾಕಿಗಳು ಹುಟ್ಟುವದು ಸಹಜವೇ ಸರಿ. ಆ ಪುನರ್ಮುದ್ರಣಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಗ್ರಂಥಾಲಯದ ಸಂಪುಟ. ಮಾರ್ವೆಲ್ ಸಂಸ್ಥೆಯ ‘ಮಾಸ್ಟರ್‌ವರ್ಕ್ಸ್’ ೧೯೮೭ರಿಂದಲೂ, ಡಿ. ಸಿ. ಸಂಸ್ಥೆಯ ‘ಆರ್ಕೈವ್ ಎಡಿಶನ್ಸ್’ ೧೯೮೯ರಿಂದಲೂ ಈ ರೀತಿಯಾಗಿ ಹೊರಟವು. ಇವುಗಳಲ್ಲಿ ಕಥೆಯು ಪೂರ್ತಿಯಾಗಿರುವದು. ಆದರೆ ಸುತ್ತಲಿನ ಜಾಹಿರಾತುಗಳು ಮಾಯವಾಗಿರುವವು, ಬಣ್ಣಗಳು ಹೊಸದಾಗಿ ತುಂಬಲ್ಪಟ್ಟಿರುವವು. ಹಳೆಯ ಬಣ್ಣವು ಒರಟು ಕಾಗದದ ಮೇಲೆ ಸಣ್ಣ ಚುಕ್ಕೆಗಳಿಂದ ಮೂಡುತ್ತಿತ್ತು; ಕಾಗದವು ಮಸಿಯನ್ನು ಹೀರಿಕೊಂಡು ಅದನ್ನು ಮಂದಗೊಳಿಸುತ್ತಿತ್ತು. ಅದೇ ಬಣ್ಣವನ್ನು ನುಣುಪು ಕಾಗದದ ಮೇಲೆ ಒತ್ತಿದರೆ ಕಣ್ಣು ಕುಕ್ಕುವದು. ಚಿತ್ರಕಾರನು ಕಾಗದವನ್ನು ತಿಳಿದುಕೊಂಡೇ ಬಣ್ಣವನ್ನು ಸೂಚಿಸಿದ್ದನೆಂಬದನ್ನು ಸಂಪಾದಕನು ಮರೆಯಕೂಡದು.

ಎರಡನೆಯದು ಯಥಾಪ್ರತಿ. ಇದರಲ್ಲಿ ಹೊದಿಕೆ, ಬೆಲೆ, ಜಾಹಿರಾತು, ಓದುಗರ ಪತ್ರ ಎಲ್ಲವೂ ಇದ್ದಂತೆಯೇ ಮುದ್ರಿತವಾಗುವವು. ಶಾಸನದ ಅಚ್ಚನ್ನು ಕಾಗದದ ಮೇಲೆ ಒತ್ತಿ ತೆಗೆಯುವ ಕ್ರಮಕ್ಕೆ ಇದನ್ನು ಹೋಲಿಸಬಹುದು.

ಮೂರನೆಯದು ಇವೆರಡರ ನಡುವಣದು, ಅಪಾಯದ್ದು. ೧೯೭೪ರಲ್ಲಿ ಡಿ. ಸಿ. ಸಂಸ್ಥೆಯವರು ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯನ್ನು ದೊಡ್ಡ ಆಕಾರದಲ್ಲಿ ಅಚ್ಚುಮಾಡಿ ಹೊರಗೊಂದು ಹೊಸ ಹೊದಿಕೆಯನ್ನು ಹಾಕಿದರು. ಆ ಹೊರಹೊದಿಕೆಯನ್ನು ಕಿತ್ತರೆ ಒಳಗೆ ೧೯೩೮ರ ಹೊದಿಕೆಯೇ ಕಾಣುವದು. ಅದನ್ನು ಮೂಲಪ್ರತಿಯೆಂದು ನಂಬಿ ಮೋಸಹೋದವರುಂಟು. ಆಕಾರವೊಂದೇ ಅದರ ಗುಟ್ಟನ್ನು ಹೊರಗೆಡಹುತ್ತದೆ. ಫ್ಲೀಟ್ ಸಾಹೇಬರು ಗಂಗರ ತಾಮ್ರಪಟಗಳಲ್ಲಿ ಕೂಟವಾದವನ್ನು ಗುರುತಿಸಹೊರಟ ಚರಿತ್ರೆಯನ್ನು ಬಲ್ಲ ನಮ್ಮ ವಾಚಕರಿಗೆ ಇದು ಹೊಸ ಕಥೆಯಲ್ಲ. ವಂಚನೆಯ ಉದ್ದೇಶವಿಲ್ಲದೆ ಮಾಡಿದ ಪ್ರತಿಯೂ ತನ್ನ ಜನ್ಮಪತ್ರವನ್ನು ಕಳೆದುಕೊಂಡರೆ ಕೂಟವಾಗಬಲ್ಲದೆಂಬದು ಇದರಿಂದ ಸಿದ್ಧವಾಗುತ್ತದೆ.

೩

ಇನ್ನು ನಮ್ಮ ದೇಶದ ಮಾತು. ‘ಅಮರ ಚಿತ್ರಕಥೆ’ಯ ಮಾಲೆಯನ್ನು ಅರಿಯದ ಮನೆಗಳು ಕಡಿಮೆ. ಕಾರ್ಕಳದಲ್ಲಿ ೧೯೨೯ರಲ್ಲಿ ಜನಿಸಿದ ಅನಂತ ಪೈಯವರು ಅದರ ಸಂಪಾದಕರು. ಅವರು ೨೦೧೧ರಲ್ಲಿ ದಿವಂಗತರಾದರು. ಮಾಲೆಯ ಹುಟ್ಟಿನ ವಿಷಯವಾಗಿ ಎಲ್ಲರೂ ಹೇಳುವ ಕಥೆಯೊಂದುಂಟು. ೧೯೬೭ರಲ್ಲಿ ದೂರದರ್ಶನದ ಪ್ರಶ್ನೋತ್ತರ ಸ್ಪರ್ಧೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರನ್ನು ಹೇಳಲಾರದೆಹೋದರೆಂದೂ, ಅದನ್ನು ಕಂಡು ನೊಂದ ಪೈಯವರು ಈ ಕಾರ್ಯಕ್ಕೆ ಕೈಹಚ್ಚಿದರೆಂದೂ ಆ ಕಥೆಯು ಹೇಳುತ್ತದೆ. ರಾಮ ವಾಯಿರಕರರು ಚಿತ್ರಿಸಿದ ‘ಕೃಷ್ಣ’ವು ೧೯೬೯ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಆದರೆ ‘ಕೃಷ್ಣ’ದ ಮೇಲೆ ಅಚ್ಚಾದ ಅಂಕಿಯು ಒಂದಲ್ಲ, ಹನ್ನೊಂದು. ಹಿಂದಿನ ಹತ್ತು ಎಲ್ಲಿ? ಅವು ಕನ್ನಡದಲ್ಲಿದ್ದವು. ೧೯೬೫ರಲ್ಲಿ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮ್ ಅವರ ಸೂಚನೆಯಂತೆ ಸಿಂಡ್ರೆಲಾ, ಅಲ್ಲಾದೀನ, ಪಿನೋಕಿಯೋ ಮೊದಲಾದ ಪಾಶ್ಚಾತ್ಯ ಚಿತ್ರಕಥೆಗಳು ಕನ್ನಡಕ್ಕೆ ತಿರುಗಿ ಹತ್ತು ಪುಸ್ತಕಗಳಾಗಿ ಹೊರಬಂದವು. ಅವು ಚೆನ್ನಾಗಿ ಮಾರಾಟವಾದುದರಿಂದಲೇ ಮುಂಬಯಿಯ ಮುಖ್ಯ ಕಚೇರಿಗೆ ಈ ಉದ್ಯಮದಲ್ಲಿ ನಂಬಿಕೆ ಹುಟ್ಟಿತು. ಇದು ಅನಂತರಾಮ್ ಅವರೇ ಮುಂದೆ ತಿಳಿಸಿದ ಸಂಗತಿ.

ಈ ಎರಡು ಮೂಲಕಥೆಗಳಲ್ಲಿ ಒಂದನ್ನು ಎತ್ತಿಹಿಡಿದು ಇನ್ನೊಂದನ್ನು ಅಲ್ಲಗಳೆಯುವದು ನಮ್ಮ ಉದ್ದೇಶವಲ್ಲ. ಪೈಯವರ ಪ್ರೇರಣೆಯೂ ನಿಜ, ಕನ್ನಡದ ಹತ್ತು ಪುಸ್ತಕಗಳೂ ನಿಜ. ಆದರೆ ಮುಂದೆ ನಡೆದುದನ್ನು ಗಮನಿಸಬೇಕು. ಕಾಲಾಂತರದಲ್ಲಿ ಒಳ್ಳೆಯ ಕಾಗದದ ಮೇಲೆ ಪುನರ್ಮುದ್ರಣಗಳು ಆರಂಭವಾದಾಗ ೫೦೧ರಿಂದ ಹೊಸ ಅಂಕಿಗಳನ್ನು ಕೊಡಲಾಯಿತು; ‘ಕೃಷ್ಣ’ವು ಹನ್ನೊಂದರಿಂದ ೫೦೧ ಆಯಿತು. ೨೦೦೭ರಲ್ಲಿ ಮಾಲೆಯ ಒಡೆತನವು ಬೇರೆ ಕೈಗೆ ಹೋಯಿತು. ಹಲವು ಪುಸ್ತಕಗಳನ್ನು ಒಂದಾಗಿ ಹೊಲಿದ ಭಾರೀ ಸಂಪುಟಗಳು ಸಂಗ್ರಾಹಕರಿಗಾಗಿ ಬಂದವು.

ಓಲೆಗರಿಯ ಕಟ್ಟನ್ನು ಬಿಚ್ಚಿದವರಿಗೆ ಗರಿಯ ಅಂಕಿಯ ಬೆಲೆಯು ಗೊತ್ತು. ಕಟ್ಟಿನ ಮೊದಲ ಗರಿಯ ಮೇಲೆ ಹನ್ನೊಂದೆಂದು ಇದ್ದರೆ ಹತ್ತು ಗರಿಗಳು ಕಳೆದಿರುವವೆಂದು ತಿಳಿಯುತ್ತದೆ. ಕಾವ್ಯವು ಹೋದರೂ ಅದು ಇತ್ತೆಂಬ ಸಾಕ್ಷಿಯು ಉಳಿಯುತ್ತದೆ. ಇಂಗ್ಲಿಷ್ ‘ಕೃಷ್ಣ’ದ ಹನ್ನೊಂದನೆಯ ಅಂಕಿಯು ಅಂಥ ಸಾಕ್ಷಿಯಾಗಿತ್ತು. ಅದನ್ನು ೫೦೧ ಮಾಡಿದವರು ಕನ್ನಡದ ಮೇಲಿನ ದ್ವೇಷದಿಂದ ಮಾಡಲಿಲ್ಲ. ವ್ಯಾಪಾರದ ಅನುಕೂಲಕ್ಕಾಗಿ ಮಾಡಿದರು. ಆದರೂ ಫಲವು ಒಂದೇ: ಹತ್ತು ಪುಸ್ತಕಗಳು ಹೋದದ್ದಷ್ಟೇ ಅಲ್ಲ, ಅವು ಇದ್ದವೆಂಬ ಗುರುತೂ ಅಳಿಯಿತು. ಪುನರ್ಮುದ್ರಣವು ನಿರಪರಾಧಿಯಾದ ನಕಲೆಂದು ಎಣಿಸುವವರಿಗೆ ಈ ಒಂದು ಉದಾಹರಣೆಯು ಸಾಕು.

ಅದೇ ‘ಕೃಷ್ಣ’ದಲ್ಲಿ ಇನ್ನೊಂದು ಪಾಠಾಂತರವುಂಟು. ಪವಾಡಗಳನ್ನು ತೋರಿಸಲು ಮೊದಮೊದಲು ಹಿಂಜರಿದ ಪೈಯವರು ಪ್ರಥಮ ಮುದ್ರಣದಲ್ಲಿ ಗೋವರ್ಧನವನ್ನೆತ್ತಿದ ಪ್ರಸಂಗವನ್ನು ಬಿಟ್ಟಿದ್ದರು. ಪರಿಷ್ಕೃತ ಮುದ್ರಣದಲ್ಲಿ ಅದನ್ನು ಸೇರಿಸಿದರು. ಈ ಮಾಲೆಯ ಕುರಿತು ಕಾರ್ಲಿನ್ ಮೆಕ್ಲೇನ್ ಅವರು ೨೦೦೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಚರ್ಚೆಯಿದೆ. ಎರಡು ಮುದ್ರಣಗಳಿಗೂ ಹೆಸರು ಒಂದೇ. ಒಂದರ ಕೃಷ್ಣನು ಬುದ್ಧಿಶಾಲಿಯೂ ಬಲಶಾಲಿಯೂ ಆದ ಗೊಲ್ಲರ ಹುಡುಗನು. ಇನ್ನೊಂದರ ಕೃಷ್ಣನು ಬೆಟ್ಟವನ್ನು ಬೆರಳಿನ ಮೇಲೆ ಹಿಡಿದವನು. ಈಗ ಸಂಗ್ರಾಹ್ಯ ಸಂಪುಟವನ್ನು ಕೊಂಡವನು ತಾನು ಬಾಲ್ಯದಲ್ಲಿ ಓದಿದ ಪುಸ್ತಕವನ್ನೇ ಕೊಂಡೆನೆಂದು ಭ್ರಮಿಸುವನು.

೪

ಇಂದ್ರಜಾಲದ ಫ್ಯಾಂಟಮನ ವಿಷಯದಲ್ಲಿ ಪಾಠಭೇದಗಳು ಇನ್ನೂ ಕುತೂಹಲಕರವಾಗಿವೆ. ಲೀ ಫಾಕನ ಮೂಲದಲ್ಲಿ ವೀರನ ನಾಡಿಗೆ ಬೆಂಗಾಲಾ ಎಂದು ಹೆಸರು. ಭಾರತೀಯ ಮುದ್ರಣದಲ್ಲಿ ಅದು ಡೆಂಕಾಲಿಯಾಯಿತು. ಮೂಲದ ಕಡಲ್ಗಳ್ಳರು ಸಿಂಗ್ ಕುಲದವರು. ಇಲ್ಲಿ ಅವರು ಸಿಂಗಾಗಳಾದರು. ವೀರನ ತಂದೆಯನ್ನು ಕೊಂದ ದುಷ್ಟನ ಹೆಸರು ರಾಮ. ಇಲ್ಲಿ ಅವನು ರಾಮಾಲು ಆದನು. ಕಾರಣವು ಸ್ಪಷ್ಟವೇ ಇದೆ. ಬಂಗಾಲವನ್ನು ನೆನಪಿಸುವ ನಾಡು, ಸಿಖ್ಖರ ಹೆಸರಿನ ಕಳ್ಳರು, ರಾಮನೆಂಬ ಕೊಲೆಗಾರ, ಇವು ಮೂರೂ ಈ ದೇಶದಲ್ಲಿ ನಡೆಯತಕ್ಕವಲ್ಲ.

ಪಾಠಶಾಸ್ತ್ರದ ದೃಷ್ಟಿಯಿಂದ ಇವು ಲಿಪಿಕಾರನ ಪ್ರಮಾದಗಳಲ್ಲ, ಬುದ್ಧಿಪೂರ್ವಕ ಪರಿವರ್ತನಗಳು. ಹಾಗಾದರೆ ಪುನರ್ಮುದ್ರಣಕ್ಕೆ ಯಾವ ಪಾಠವನ್ನು ಗ್ರಹಿಸಬೇಕು? ಅಮೆರಿಕದ ಹರ್ಮಿಸ್ ಪ್ರೆಸ್ಸಿನವರು ೨೦೧೦ರಿಂದ ಪ್ರಕಟಿಸತೊಡಗಿದ ಸಮಗ್ರ ಸಂಪುಟಗಳಲ್ಲಿ ದಿನಪತ್ರಿಕೆಯ ಪಟ್ಟಿಗಳು ಮೂಲದಂತೆಯೇ ಇರುವವು. ಅವರ ಮಟ್ಟಿಗೆ ಅದು ನ್ಯಾಯವಾದದ್ದು. ಆದರೆ ನಮ್ಮ ದೇಶದ ಓದುಗನ ಅನುಭವಕ್ಕೆ ಮೂಲವೆಂಬುದು ಡೆಂಕಾಲಿಯೇ. ಆ ಸಂಪುಟವನ್ನು ತರಿಸಿಕೊಂಡು ತೆರೆದವನಿಗೆ ತನ್ನ ನಾಡು ಸಿಕ್ಕದು. ಲೇಖಕನ ಮೂಲವೊಂದು, ಓದುಗಸಮಾಜದ ಮೂಲವೊಂದು ಹೀಗೆ ಎರಡು ಮೂಲಗಳು ಇರಬಲ್ಲವೆಂಬದನ್ನು ಒಪ್ಪದೆ ಈ ತೊಡಕು ಬಿಡಿಸಲಾಗದು. ಕುಮಾರವ್ಯಾಸನ ಭಾರತವನ್ನು ಗಮಕಿಗಳು ಓದುತ್ತ ಬಂದ ಪಾಠಕ್ಕೂ ಬೆಲೆಯುಂಟೆಂದು ಒಪ್ಪುವ ನಮಗೆ ಇದು ಕಷ್ಟವಾಗಬಾರದು.

ವೀರನ ಹೆಸರೂ ಹೀಗೆಯೇ. ಹಿಂದಿ ಮರಾಠಿಗಳಲ್ಲಿ ಅವನು ವೇತಾಳನು; ಬಂಗಾಲಿಯಲ್ಲಿ ಅರಣ್ಯದೇವನು; ತಮಿಳಿನಲ್ಲಿ ಮಾಯಾವಿಯು. ಪ್ರತಿಯೊಂದು ಹೆಸರೂ ಒಂದೊಂದು ವ್ಯಾಖ್ಯಾನ. ಮರಾಠಿಯ ಹೆಸರನ್ನು ಸ್ವಲ್ಪ ವಿಚಾರಿಸುವ. ಮಹಾರಾಷ್ಟ್ರದಲ್ಲಿಯೂ ಕೊಂಕಣದಲ್ಲಿಯೂ ವೇತಾಳನು ಭೂತಗಳ ಒಡೆಯನು, ಊರ ಕಾವಲಿನ ದೇವತೆ, ಅವನಿಗೆ ಗುಡಿಗಳುಂಟು. ತಲೆಬುರುಡೆಯ ಗವಿಯಲ್ಲಿ ಕುಳಿತು ಕಾಡನ್ನು ಕಾಯುವ ವೀರನಿಗೆ ಆ ಹೆಸರು ಹೊಂದಿಕೊಂಡಿತು. ಕನ್ನಡದ ಬೇತಾಳನಾದರೋ ವಿಕ್ರಮನ ಹೆಗಲೇರಿ ಕಥೆ ಹೇಳಿ ಪ್ರಶ್ನೆ ಕೇಳುವವನು. ಕಥಾಸಂಗ್ರಹಗಳಿಂದಲೂ ‘ಚಂದಮಾಮ’ದ ಪುಟಗಳಿಂದಲೂ ನಮ್ಮ ಮಕ್ಕಳು ಅವನನ್ನು ಬಲ್ಲರು. ಒಂದೇ ಶಬ್ದವು ಮರಾಠಿಯಲ್ಲಿ ಕಾವಲುಗಾರನನ್ನೂ ಕನ್ನಡದಲ್ಲಿ ಒಗ್ಗಟೆಗಾರನನ್ನೂ ಮುಂದೆ ನಿಲ್ಲಿಸುತ್ತದೆ. ನಿಪ್ಪಾಣಿಯ ಹುಡುಗನು ಇವೆರಡನ್ನೂ ಬಲ್ಲನು. ಇಂಗ್ಲಿಷಿನ ಸಂಪುಟದಲ್ಲಿ ಈ ಎರಡೂ ಇಲ್ಲ.

೫

ಗಡಿನಾಡಿನ ಓದುಗನಿಗೆ ಮಾತ್ರ ತಟ್ಟನೆ ಹೊಳೆಯಬಹುದಾದ ಇನ್ನೊಂದು ಜೋಡಿ ಶಬ್ದವುಂಟು. ಕನ್ನಡದಲ್ಲಿ ‘ಪವಾಡ’ವೆಂದರೆ ಅಲೌಕಿಕ ಮಹಿಮೆ, ಮರಾಠಿಯಲ್ಲಿ ‘ಪೋವಾಡಾ’ ಎಂದರೆ ಶೂರರ ಕಥೆಯನ್ನು ಹಾಡಿ ಹೇಳುವ ಪದ್ಯ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳನ್ನು ಕುರಿತು ಭಕ್ತರು ಹೇಳುವದು ಪವಾಡ. ಡಫಿನ ಬಡಿತಕ್ಕೆ ಶಿವಾಜಿಯನ್ನು ಕುರಿತು ಶಾಹೀರನು ಹಾಡುವದು ಪೋವಾಡಾ. ಶಬ್ದಗಳ ವ್ಯುತ್ಪತ್ತಿಯ ಚರ್ಚೆಯು ಇಲ್ಲಿ ಬೇಡ. ಅರ್ಥಗಳ ಅಂತರವೇ ನಮಗೆ ಬೇಕಾದದ್ದು. ಒಂದರಲ್ಲಿ ಶಕ್ತಿಯು ತಪಸ್ಸಿನಿಂದ ಬರುವದು, ಇನ್ನೊಂದರಲ್ಲಿ ತೋಳಿನಿಂದಲೂ ಬುದ್ಧಿಯಿಂದಲೂ.

ಫ್ಯಾಂಟಮನ ಕಥೆಯ ರಹಸ್ಯವೆಲ್ಲ ಈ ಅಂತರದಲ್ಲಿಯೇ ಇದೆ. ಕಾಡಿನ ಜನರು ಅವನನ್ನು ನಾಲ್ಕುನೂರು ವರ್ಷಗಳಿಂದ ಬದುಕಿರುವ ಅಮರನೆಂದು ನಂಬುವರು. ನಿಜದಲ್ಲಿ ತಂದೆಯ ತರುವಾಯ ಮಗನು ಅದೇ ವೇಷವನ್ನು ಧರಿಸುತ್ತ ಬಂದಿದ್ದಾನೆ, ಈಗಿನವನು ಇಪ್ಪತ್ತೊಂದನೆಯವನು. ಅವನಲ್ಲಿ ಯಾವ ಅಲೌಕಿಕ ಶಕ್ತಿಯೂ ಇಲ್ಲ. ಕಥೆಯೊಳಗಿನ ಜನರು ಕೇಳುವದು ಪವಾಡ, ಹೊರಗಿನ ಓದುಗನು ಓದುವದು ಪೋವಾಡಾ. ಈ ಎರಡರ ನಡುವಣ ನಗುವೇ ಆ ಕಥೆಯ ರಸವು. ಸೂಪರ್‌ಮ್ಯಾನನಲ್ಲಿ ಇದು ಇಲ್ಲ. ಅವನ ಬಲವು ಜನ್ಮಸಿದ್ಧವಾದದ್ದು, ಓದುಗನೂ ಅದನ್ನು ಪವಾಡವೆಂದೇ ಒಪ್ಪುವನು. ಗೋವರ್ಧನವನ್ನು ಬಿಟ್ಟ ‘ಕೃಷ್ಣ’ವು ಪೋವಾಡಾ, ಸೇರಿಸಿಕೊಂಡ ‘ಕೃಷ್ಣ’ವು ಪವಾಡ. ವೇತಾಳ, ಅರಣ್ಯದೇವ ಎಂಬ ಹೆಸರುಗಳು ವೀರನನ್ನು ಪವಾಡದ ಕಡೆಗೆ ವಾಲಿಸುವವು. ಪಾಠಾಂತರಗಳು ಕೇವಲ ಶಬ್ದದ ಗೊಡವೆಯಲ್ಲ, ಕಥೆಯ ಜಾತಿಯನ್ನೇ ನಿರ್ಧರಿಸುತ್ತವೆ ಎಂಬದು ಇದರಿಂದ ವಿಶದವಾಗುತ್ತದೆ. ಎರಡು ಮುದ್ರಣಗಳನ್ನು ಒಂದೆಂದು ಮಾರುವವನು ಎರಡು ಕೃತಿಗಳನ್ನು ಕಲಸುತ್ತಾನೆ.

ಇನ್ನು ಕನ್ನಡದ ಪಾಠದ ಅಂಗಾಂಗಗಳನ್ನು ನೋಡುವ. ಚಿತ್ರಕಥೆಯಲ್ಲಿ ಮಾತು ಬಲೂನಿನ ಆಕಾರದ ಬಿಳಿಯ ಜಾಗದಲ್ಲಿ ಇರುತ್ತದೆ. ಆ ಜಾಗವನ್ನು ಬರೆದವನು ರೋಮನ್ ಲಿಪಿಯ ದೊಡ್ಡಕ್ಷರಗಳ ಅಳತೆಗೆ ಬರೆದಿರುವನು. ಕನ್ನಡದ ಅಕ್ಷರಕ್ಕಾದರೋ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲು ಸಾಲಿಗೆ ಹೆಚ್ಚು ಎಡೆ ಬೇಕು. ಅದರಿಂದ ಅನುವಾದಕನು ಮಾತನ್ನು ಸಂಕ್ಷೇಪಿಸಲೇಬೇಕಾಗುತ್ತದೆ. ನಮ್ಮ ಕ್ರಿಯಾಪದವು ಪುರುಷವಾಚಕವನ್ನು ತನ್ನೊಳಗೇ ಹೊತ್ತುಕೊಂಡಿರುವದರಿಂದ ‘ನಾನು’, ‘ನೀನು’ಗಳನ್ನು ಬಿಟ್ಟರೂ ಅರ್ಥವು ಕೆಡದು, ಇಂಥಲ್ಲಿ ಭಾಷೆಯ ಗುಣವೇ ಅನುವಾದಕನಿಗೆ ನೆರವಾಗುತ್ತದೆ. ಶಬ್ದಾನುಕರಣಗಳ ಮಾತು ಇನ್ನೂ ಸ್ವಾರಸ್ಯದ್ದು. ಕೇಶಿರಾಜನು ಅವ್ಯಯಗಳಲ್ಲಿ ಎಣಿಸಿದ ಅನುಕರಣಪದಗಳಿಗೆ ಈ ಕಾಲದಲ್ಲಿ ದೊಡ್ಡ ಅಕ್ಷರಗಳ ಬಾಳು ಸಿಕ್ಕದ್ದು ಚಿತ್ರಕಥೆಗಳಲ್ಲಿಯೇ. ಬಿದ್ದರೆ ‘ಧೊಪ್’, ಹೊಡೆದರೆ ‘ಛಟೀರ್’, ಗುಂಡು ಹಾರಿದರೆ ‘ಢಂ’. ಇವುಗಳನ್ನು ಕೈಯಿಂದ ಬರೆದ ಅಕ್ಷರಗಾರನ ಹೆಸರು ಯಾವ ಪುಟದಲ್ಲಿಯೂ ಇಲ್ಲ. ಅನುವಾದಕರ ಹೆಸರು ಸಹ ಹಲವೆಡೆ ಇಲ್ಲ. ಹಳಗನ್ನಡದ ಲಿಪಿಕಾರರು ಗ್ರಂಥದ ಕೊನೆಗೆ ತಮ್ಮ ಹೆಸರನ್ನಾದರೂ ಬರೆದುಕೊಳ್ಳುತ್ತಿದ್ದರು. ಇವರಿಗೆ ಅಷ್ಟೂ ದೊರೆಯಲಿಲ್ಲ.

ಈ ವೀರರು ಆಡುವ ಕನ್ನಡವು ಬರಹದ ಕನ್ನಡ. ‘ಹೊಂಟೇನಿ’, ‘ಬಂದಾನ’ ಎನ್ನುವ ಚಿಕ್ಕೋಡಿ ರಾಯಬಾಗಗಳ ಹುಡುಗನು ‘ಹೊರಟಿದ್ದೇನೆ’, ‘ಬಂದಿದ್ದಾನೆ’ ಎಂಬ ರೂಪಗಳನ್ನು ಶಾಲೆಯ ಪಾಠಪುಸ್ತಕದ ಹೊರಗೆ, ಭಯವಿಲ್ಲದೆ, ಸಂತೋಷದಿಂದ ಓದಲು ಇಂಥ ಪುಸ್ತಕಗಳು ಅವಕಾಶವಿತ್ತವು. ಮರಾಠಿಯು ಮನೆಮಾತಾದ ಮಗುವಿಗೂ ಚಿತ್ರದ ಆಸರೆಯಿಂದ ಕನ್ನಡದ ಅಕ್ಷರವನ್ನು ಕೂಡಿಸಿ ಓದಲು ಇವುಗಳಿಗಿಂತ ಸುಲಭವಾದ ಸಾಧನವಿಲ್ಲ. ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಇದರ ಪ್ರಸ್ತಾಪವು ಎಲ್ಲಿಯೂ ಇಲ್ಲದಿರುವದು ಶೋಚನೀಯವಾದದ್ದು.

ಇದು ಕೇವಲ ಮಕ್ಕಳ ಮಾತೂ ಅಲ್ಲ. ಈ ಪ್ರದೇಶವು ೧೯೫೬ರ ನವೆಂಬರ ೧ರ ವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದು, ಆ ಮೇಲೆ ಮೈಸೂರು ರಾಜ್ಯಕ್ಕೆ ಬಂದಿತು. ೧೯೬೭ರ ಮಹಾಜನ ವರದಿಯು ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ, ಜತ್ತ, ಅಕ್ಕಲಕೋಟೆಗಳು ಮೈಸೂರಿಗೆ ಬರಬೇಕೆಂದೂ ಸೂಚಿಸಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ೨೦೦೪ರಲ್ಲಿ ಮಹಾರಾಷ್ಟ್ರ ಸರಕಾರವು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಇಂಥ ವಾದಗಳಲ್ಲಿ ಎರಡು ಪಕ್ಷದವರೂ ಜನಗಣತಿಯ ಅಂಕಿಗಳನ್ನು ಎತ್ತಿ ತೋರಿಸುವರು. ಜನರು ಬಿಡುವಿನ ಹೊತ್ತಿನಲ್ಲಿ ಏನನ್ನು ಓದಿದರೆಂಬದನ್ನು ಯಾರೂ ಕೇಳುವದಿಲ್ಲ. ಮುಂದೊಂದು ದಿನ ಅದನ್ನು ಕೇಳುವ ಚರಿತ್ರಕಾರನು ಹುಟ್ಟಬಹುದು. ಅವನ ಕೈಗೆ ಇಂಗ್ಲಿಷಿನ ಹೊಳಪಿನ ಸಂಪುಟಗಳು ಮಾತ್ರ ಸಿಕ್ಕರೆ ಕನ್ನಡದ ಮಕ್ಕಳಿಗೆ ಇಂಥ ಓದು ಇರಲಿಲ್ಲವೆಂದೇ ಅವನು ಬರೆಯುವನು. ಆಧಾರವಿಲ್ಲದ್ದು ಇರಲಿಲ್ಲವೆಂದು ಎಣಿಸಲ್ಪಡುವದು ಚರಿತ್ರೆಯ ನಿಷ್ಠುರವಾದ ನಿಯಮ.

೬

ನಮ್ಮ ನೆರೆಯವರು ಈ ವಿಷಯದಲ್ಲಿ ಎಚ್ಚತ್ತಿರುವರು. ತಮಿಳಿನಲ್ಲಿ ಶಿವಕಾಶಿಯ ‘ಮುತ್ತು ಕಾಮಿಕ್ಸ್’ ೧೯೭೨ರಲ್ಲಿ ಉಕ್ಕಿನ ಕೈಯ ಮಾಯಾವಿಯ ಬ್ರಿಟಿಷ್ ಕಥೆಯಿಂದ ಆರಂಭವಾಯಿತು. ಆ ಸಂಸ್ಥೆಯವರು ಹಳೆಯ ಕಥೆಗಳನ್ನು ತಮಿಳಿನಲ್ಲಿಯೇ ಸಂಗ್ರಾಹ್ಯ ಸಂಚಿಕೆಗಳಾಗಿ ಮತ್ತೆ ಮತ್ತೆ ತಂದಿರುವರು. ಶಿವಕಾಶಿಯು ರಾಜಧಾನಿಯಲ್ಲವೆಂಬದನ್ನು ನೆನಪಿಡಬೇಕು. ಬಂಗಾಲಿಯಲ್ಲಿ ನಾರಾಯಣ ದೇಬನಾಥರು ೧೯೬೫ರಲ್ಲಿ ನಿರ್ಮಿಸಿದ ಬಾಂಟುಲನೆಂಬ ಅತಿಬಲಶಾಲಿಯ ಕಥೆಗಳು ಸಮಗ್ರ ಸಂಪುಟಗಳಲ್ಲಿ ಸೇರಿದವು. ಅವರಿಗೆ ಪದ್ಮಶ್ರೀಯು ದೊರೆಯಿತು. ಅವರು ೨೦೨೨ರಲ್ಲಿ ತೀರಿಕೊಂಡರು. ಮಲಯಾಳದಲ್ಲಿ ೧೯೮೩ರಲ್ಲಿ ಹುಟ್ಟಿದ ಡಿಂಕನ್ ಎಂಬ ಮೂಷಿಕವೀರನು ‘ಬಾಲಮಂಗಳ’ದ ಮೂಲಕ ನಮ್ಮ ಮಕ್ಕಳಿಗೆ ‘ಡಿಂಗ’ನಾಗಿ ಪರಿಚಿತನಾದನು, ಆ ಹೆಸರಿನ ರೂಪಾಂತರವೊಂದೇ ಅಭ್ಯಾಸಕ್ಕೆ ಯೋಗ್ಯವಾದದ್ದು. ೨೦೦೪ರಲ್ಲಿ ಪವಿತ್ರ ಪ್ರಭಾಕರನೆಂಬ ಹೆಸರಿನಿಂದ ಧೋತ್ರವುಟ್ಟು ಬಂದ ಭಾರತೀಯ ಸ್ಪೈಡರ್‌ಮ್ಯಾನನಾದರೋ ಇಂಗ್ಲಿಷಿನಲ್ಲಿಯೇ ಮಾತಾಡಿದನು. ಉಡುಪಿನಲ್ಲಿ ದೇಶೀಯತೆಯು ಸುಲಭ, ನುಡಿಯಲ್ಲಿ ಕಷ್ಟ.

ನಮ್ಮ ಮತಕ್ಕೆ ಮೂರು ಆಕ್ಷೇಪಗಳು ಬರಬಹುದು. ಇವು ಕೀಳುತರದ ಸಾಹಿತ್ಯವೆಂಬುದು ಮೊದಲನೆಯದು. ಆದರೆ ಯಕ್ಷಗಾನ, ಲಾವಣಿಗಳನ್ನು ಕುರಿತೂ ಒಂದು ಕಾಲಕ್ಕೆ ಇದೇ ಮಾತು ಕೇಳಿಬರುತ್ತಿತ್ತು. ಗುಣವಿಮರ್ಶೆಯು ಪಾಠರಕ್ಷಣೆಯ ತರುವಾಯದ ಕೆಲಸ. ಇವು ಅನುವಾದಗಳೆಂಬುದು ಎರಡನೆಯದು. ಅನುವಾದದಿಂದ ನಮ್ಮ ಗದ್ಯವು ಪಡೆದ ಉಪಕಾರವನ್ನು ಬಲ್ಲವರು ಹೀಗೆ ಹೇಳಲಾರರು. ಮೂರನೆಯದು ಹೆಚ್ಚು ತೂಕದ್ದು: ಇದೆಲ್ಲ ಸಂಗ್ರಾಹಕರ ಹವ್ಯಾಸ, ಧನಿಕರ ಆಟ, ಇದರಲ್ಲಿ ವಿದ್ವತ್ಸಂಸ್ಥೆಗೆ ಏನು ಕೆಲಸ? ಇದಕ್ಕೆ ನಮ್ಮ ಉತ್ತರವೇನಂದರೆ, ಸಂಗ್ರಾಹಕನು ಪ್ರತಿಯನ್ನು ಕಾಪಾಡಿರುವನು. ಅದಕ್ಕಾಗಿ ಅವನಿಗೆ ಋಣಿಗಳಾಗಿರಬೇಕು. ಆದರೆ ಅವನಿಗೆ ಬೇಕಾದದ್ದು ಸುಕ್ಕಿಲ್ಲದ, ಹೆಸರು ಗೀಚಿಲ್ಲದ ಪ್ರತಿ. ನಮಗೆ ಬೇಕಾದದ್ದು ಹುಡುಗನೊಬ್ಬನು ಹೊದಿಕೆಯ ಮೇಲೆ ಊರಿನ ಹೆಸರನ್ನೂ ಇಸವಿಯನ್ನೂ ಬರೆದಿಟ್ಟ ಪ್ರತಿ. ಅವನ ದೃಷ್ಟಿಗೆ ಕಲೆಯಾದದ್ದು ನಮ್ಮ ದೃಷ್ಟಿಗೆ ಸಾಕ್ಷಿ. ಈ ಕಾರಣದಿಂದಲೇ ಕೆಲಸವನ್ನು ಪೂರ್ತಿಯಾಗಿ ಮಾರುಕಟ್ಟೆಗೆ ಬಿಡಲಾಗದು.

ಆದಕಾರಣ ಸಂಪಾದನೆಯ ನಿಯಮಗಳನ್ನು ಸಂಕ್ಷೇಪವಾಗಿ ಸೂಚಿಸುವೆವು. ಪುನರ್ಮುದ್ರಣವು ತನ್ನ ಆಧಾರಪ್ರತಿಯ ಭಾಷೆ, ಅಂಕಿ, ಇಸವಿಗಳನ್ನು ಹೇಳತಕ್ಕದ್ದು. ಹಳೆಯ ಅಂಕಿಯನ್ನು ಹೊಸ ಅಂಕಿಯ ಪಕ್ಕದಲ್ಲಿ ಉಳಿಸತಕ್ಕದ್ದು. ಹೆಸರು, ಪ್ರಸಂಗ, ಚಿತ್ರಗಳಲ್ಲಿ ಮಾಡಿದ ಬದಲಾವಣೆಯನ್ನು ಕೊನೆಯಲ್ಲಿ ತಿಳಿಸತಕ್ಕದ್ದು. ಹೊಸ ಬಣ್ಣ ತುಂಬಿದಲ್ಲಿ ಹಳೆಯ ಬಣ್ಣದ ಒಂದೆರಡು ಪುಟಗಳನ್ನಾದರೂ ಮಾದರಿಗಾಗಿ ಕೊಡತಕ್ಕದ್ದು. ಬೆಲೆ, ಜಾಹಿರಾತು, ಓದುಗರ ಪತ್ರಗಳನ್ನು ಬಿಡಕೂಡದು. ಅನುವಾದಕ, ಅಕ್ಷರಗಾರರ ಹೆಸರುಗಳನ್ನು ಶೋಧಿಸಿ ಅಚ್ಚುಮಾಡತಕ್ಕದ್ದು. ಗಡಿನಾಡಿನ ಮಟ್ಟಿಗೆ ಒಂದು ವಿಶೇಷ ಸೂಚನೆಯುಂಟು: ಒಂದು ಕಥೆಯ ಕನ್ನಡ ಮರಾಠಿ ಪಾಠಗಳೆರಡೂ ದೊರೆತಲ್ಲಿ ಅವನ್ನು ಎದುರುಬದುರು ಪುಟಗಳಲ್ಲಿ ಮುದ್ರಿಸಬೇಕು. ಕನ್ನಡವನ್ನು ಉಳಿಸುವದಕ್ಕಾಗಿ ಮರಾಠಿಯನ್ನು ಅಳಿಸಬೇಕಾಗಿಲ್ಲ. ಎರಡನ್ನೂ ಓದಿ ಬೆಳೆದವರ ಮನಸ್ಸಿಗೆ ಒಂದನ್ನು ಮಾತ್ರ ಕೊಟ್ಟರೆ ಅದು ಅರ್ಧ ಸತ್ಯವಾದೀತು.

ಹಕ್ಕುಸ್ವಾಮ್ಯದ ತೊಡಕಿನಿಂದ ಮುದ್ರಣವು ತಡವಾಗಬಹುದು. ಆದರೆ ಸೂಚಿಯನ್ನು ಸಿದ್ಧಪಡಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ೧೯೫೪ರ ಗ್ರಂಥಸಮರ್ಪಣ ಕಾನೂನಿನಂತೆ ಕಲಕತ್ತೆ, ಮದರಾಸು, ಮುಂಬಯಿ, ದಿಲ್ಲಿಗಳ ನಾಲ್ಕು ಗ್ರಂಥಾಲಯಗಳಿಗೆ ಪ್ರತಿಗಳನ್ನು ಕಳಿಸುವದು ಪ್ರಕಾಶಕರ ಕರ್ತವ್ಯವಾಗಿತ್ತು. ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯವೂ ಇದೆ. ಮೊದಲು ಅಲ್ಲಿ ಹುಡುಕಬೇಕು. ತರುವಾಯ ಐದು ತಾಲೂಕುಗಳ ಶಾಲೆಯ ಕಪಾಟುಗಳನ್ನೂ, ಮನೆಯ ಅಟ್ಟಗಳನ್ನೂ, ರದ್ದಿಯ ಅಂಗಡಿಗಳನ್ನೂ ಹುಡುಕಬೇಕು. ಸಾಹಿತ್ಯದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಈ ಶೋಧವನ್ನು ಒಪ್ಪಿಸಿದರೆ, ಪಾಠಸಂಪಾದನೆಯ ತತ್ತ್ವಗಳನ್ನು ಅವರು ಕೈಯಾರೆ ಕಲಿಯುವರು. ಓಲೆಗರಿಯ ಪ್ರತಿಯು ಪ್ರತಿಯೊಬ್ಬ ವಿದ್ಯಾರ್ಥಿಗೂ ಸಿಕ್ಕದು, ಹರಿದ ಚಿತ್ರಕಥೆಯು ಸಿಕ್ಕೀತು.

೧೯೬೫ರ ಆ ಹತ್ತು ಪುಸ್ತಕಗಳಲ್ಲಿ ಒಂದಾದರೂ ಹೀಗೆ ದೊರೆತು, ಅದರ ಹೊದಿಕೆ, ಅಳತೆ, ಪುಟಸಂಖ್ಯೆ, ಭಾಷೆಗಳ ವಿವರವು ಇಂಥ ಪತ್ರಿಕೆಯಲ್ಲಿ ಅಚ್ಚಾದರೆ, ಹನ್ನೊಂದನೆಯ ಅಂಕಿಯ ಹಿಂದೆ ಏನಿತ್ತೆಂಬ ಪ್ರಶ್ನೆಗೆ ಉತ್ತರವು ದೊರೆತಂತಾಗುವದು. ವಿದ್ವಾಂಸರೂ ಅಧ್ಯಾಪಕರೂ ಈ ಕಡೆಗೆ ಲಕ್ಷ್ಯ ಕೊಡಬೇಕೆಂದು ಬಿನ್ನವಿಸಿ ಈ ಲೇಖನವನ್ನು ಮುಗಿಸುವೆವು.